ಮುಂದಿನ ಆಕ್ಸಲ್ಲಿನ ಪ್ರಶ್ನೆ: ಪಿಕಪ್ ಟ್ರಕ್ಕಿಗೆ ನಾಲ್ಕು ಚಕ್ರಗಳ ಚಾಲನೆ

ಹಿಂದಿನ ಎರಡು ಚಕ್ರಗಳಷ್ಟೇ ತಳ್ಳುವ ಪಿಕಪ್ ಟ್ರಕ್ಕನ್ನು ನಾಲ್ಕೂ ಚಕ್ರಗಳಿಂದ ನಡೆಯುವಂತೆ ಮಾರ್ಪಡಿಸಿದಾಗ ಎಂಜಿನ್ನಿನ ಶಕ್ತಿ ಕಿಂಚಿತ್ತೂ ಹೆಚ್ಚುವುದಿಲ್ಲ. ಇದ್ದ ಶಕ್ತಿಯೇ ನೆಲವನ್ನು ಎರಡರ ಬದಲು ನಾಲ್ಕು ಕಡೆಗಳಲ್ಲಿ ಹಿಡಿಯುತ್ತದೆ. ಪಿಕಪ್ಪಿನ ಮಟ್ಟಿಗೆ ಈ ಬದಲಾವಣೆಯ ಪ್ರಯೋಜನ ಬೇರೆ ವಾಹನಗಳಿಗಿಂತ ಹೆಚ್ಚು, ಏಕೆಂದರೆ ಸರಕಿನ ತೊಟ್ಟಿ ಖಾಲಿಯಿರುವಾಗ ವಾಹನದ ತೂಕದ ಹೆಚ್ಚಿನ ಪಾಲು ಎಂಜಿನ್ ಇರುವ ಮುಂಭಾಗದ ಮೇಲೆ ಬೀಳುತ್ತದೆ ಮತ್ತು ತಳ್ಳಬೇಕಾದ ಹಿಂದಿನ ಚಕ್ರಗಳು ಹಗುರಾಗಿ, ಒದ್ದೆ ಹುಲ್ಲಿನ ಮೇಲೆ, ಕೆಸರಿನಲ್ಲಿ, ಹಿಮದಲ್ಲಿ ಸುಮ್ಮನೆ ಸುತ್ತತೊಡಗುತ್ತವೆ. ಭಾರವನ್ನು ಹೊತ್ತ ಮುಂದಿನ ಚಕ್ರಗಳು ಅದೇ ಹೊತ್ತಿನಲ್ಲಿ ಯಾವ ಕೆಲಸವೂ ಇಲ್ಲದೆ ಉರುಳುತ್ತಿರುತ್ತವೆ. ಅವುಗಳನ್ನೂ ಕೆಲಸಕ್ಕೆ ಹಚ್ಚಬೇಕೆಂಬ ಬಯಕೆ ಸಹಜವಾದದ್ದೇ, ಆದರೆ ಅದು ಕೆಲವು ಟ್ರಕ್ಕುಗಳಲ್ಲಿ ಗ್ಯಾರೇಜಿನ ಒಂದೆರಡು ದಿನಗಳ ಕೆಲಸವಾಗಿ, ಇನ್ನು ಕೆಲವುಗಳಲ್ಲಿ ತಿಂಗಳುಗಟ್ಟಲೆ ಎಳೆಯುವ ಶ್ರಮವಾಗಿ ಪರಿಣಮಿಸುತ್ತದೆ. ಈ ವ್ಯತ್ಯಾಸವನ್ನು ನಿರ್ಧರಿಸುವುದು ಬಹುತೇಕ ಒಂದೇ ಸಂಗತಿ: ಆ ಟ್ರಕ್ಕಿನ ಮುಂದಿನ ಚಕ್ರಗಳನ್ನು ಚಾಸಿಗೆ ಹೇಗೆ ಜೋಡಿಸಲಾಗಿದೆ ಎಂಬುದು.

ಹಿಂಬದಿ ಚಾಲನೆಯ ಟ್ರಕ್ಕಿನಲ್ಲಿ ಎಂಜಿನ್ನಿನ ಸುತ್ತುವಿಕೆ ಗೇರ್‌ಬಾಕ್ಸನ್ನು ದಾಟಿ, ಪ್ರೊಪೆಲ್ಲರ್ ಶಾಫ್ಟ್ ಎಂಬ ಉದ್ದನೆಯ ಕೊಳವೆಯ ಮೂಲಕ ಹಿಂದಿನ ಆಕ್ಸಲ್ಲಿನ ನಡುವೆ ಇರುವ ಡಿಫರೆನ್ಶಿಯಲ್ಲನ್ನು ತಲುಪುತ್ತದೆ. ತಿರುವಿನಲ್ಲಿ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ದೂರ ಕ್ರಮಿಸಬೇಕಾಗುವುದರಿಂದ, ಎರಡಕ್ಕೂ ಬಲವನ್ನು ಹಂಚುತ್ತಲೇ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳ ಗುಂಪಿಗೆ ಡಿಫರೆನ್ಶಿಯಲ್ ಎಂದು ಹೆಸರು. ನಾಲ್ಕು ಚಕ್ರಗಳ ಚಾಲನೆಗೆ ಈ ಸಾಲಿನಲ್ಲಿ ಮೂರು ಭಾಗಗಳು ಹೊಸದಾಗಿ ಸೇರಬೇಕು. ಗೇರ್‌ಬಾಕ್ಸಿನ ಹಿಂದೆ ನಿಂತು ಬಲವನ್ನು ಹಿಂದಕ್ಕೂ ಮುಂದಕ್ಕೂ ಕಳುಹಿಸುವ ಟ್ರಾನ್ಸ್‌ಫರ್ ಕೇಸ್ ಎಂಬ ಎರಡನೆಯ ಗೇರುಪೆಟ್ಟಿಗೆ, ಅಲ್ಲಿಂದ ಮುಂದಕ್ಕೆ ಹೋಗುವ ಇನ್ನೊಂದು ಪ್ರೊಪೆಲ್ಲರ್ ಶಾಫ್ಟ್, ಮತ್ತು ತನ್ನದೇ ಡಿಫರೆನ್ಶಿಯಲ್ ಇರುವ ಮುಂದಿನ ಆಕ್ಸಲ್. ಮೊದಲ ಎರಡು ಭಾಗಗಳು ಶ್ರಮ ಬೇಡುತ್ತವೆಯಾದರೂ ಅಲ್ಲಿ ಹೊಸ ತೊಡಕೇನೂ ಇಲ್ಲ. ಮೂರನೆಯದು ಹಾಗಲ್ಲ, ಏಕೆಂದರೆ ಮುಂದಿನ ಚಕ್ರ ಸ್ಟಿಯರಿಂಗಿನೊಂದಿಗೆ ಎಡಕ್ಕೂ ಬಲಕ್ಕೂ ಹೊರಳುತ್ತಲೇ ಎಂಜಿನ್ನಿನ ಬಲವನ್ನೂ ಪಡೆಯಬೇಕು, ಎಂದರೆ ಚಕ್ರದ ಬುಡದಲ್ಲಿ ಮೂವತ್ತು ಡಿಗ್ರಿಗೂ ಮೀರಿ ಬಾಗಬಲ್ಲ, ಬಾಗಿದರೂ ಸುತ್ತುವುದನ್ನು ನಿಲ್ಲಿಸದ ಕೀಲು ಬೇಕು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನ ಆಟೊ ಜಾಕೊ ಮತ್ತು ವಿಲಿಯಂ ಬೆಸರ್ಡಿಚ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸೆಣಸಿದ್ದು ಇದೇ ಕೀಲಿನೊಂದಿಗೆ. ಅವರು ರೂಪಿಸಿದ ಜೋಡಣೆಯ ಆಧಾರದ ಮೇಲೆ 1909ರಲ್ಲಿ ಅಲ್ಲಿ ನಾಲ್ಕು ಚಕ್ರ ಚಾಲನೆಯ ವಾಹನಗಳನ್ನು ತಯಾರಿಸುವ ಕಂಪನಿಯೊಂದು ಹುಟ್ಟಿಕೊಂಡಿತು, ಮತ್ತು ಅದರ ಟ್ರಕ್ಕುಗಳು ಮೊದಲ ಮಹಾಯುದ್ಧದಲ್ಲಿ ದೊಡ್ಡ ಸಂಖ್ಯೆಯಲ್ಲಿ ಬಳಕೆಯಾದವು. ಗ್ಯಾರೇಜುಗಳಲ್ಲಿ ಕ್ರಾಸ್ ಎಂದು ಕರೆಯಲಾಗುವ ಯೂನಿವರ್ಸಲ್ ಜಾಯಿಂಟ್ ಶತಮಾನಗಳಿಂದ ತಿಳಿದಿದ್ದ ಸಾಧನವೇ. ಆದರೆ ಬಾಗಿದ ಸ್ಥಿತಿಯಲ್ಲಿ ಅದು ಒಂದೇ ಸಮನೆ ಸುತ್ತುವುದಿಲ್ಲ. ಒಳಬರುವ ದಂಡ ಸಮವೇಗದಲ್ಲಿ ಸುತ್ತುತ್ತಿದ್ದರೂ, ಮೂವತ್ತು ಡಿಗ್ರಿ ಬಾಗಿದ ಕ್ರಾಸಿನ ಇನ್ನೊಂದು ತುದಿ ಪ್ರತಿ ಸುತ್ತಿನಲ್ಲಿ ಎರಡು ಬಾರಿ ಸುಮಾರು ಶೇ. 15ರಷ್ಟು ಮುನ್ನುಗ್ಗಿ, ಎರಡು ಬಾರಿ ಸುಮಾರು ಶೇ. 13ರಷ್ಟು ಹಿಂದೆ ಬೀಳುತ್ತದೆ. ಚಾಲಕನ ಕೈಗೆ ಇದು ಸ್ಟಿಯರಿಂಗಿನ ಮಿಡಿತವಾಗಿ ತಲುಪುತ್ತದೆ. ಬಾಗಿನಲ್ಲಿಯೂ ಸಮವೇಗವನ್ನು ಕಾಯ್ದುಕೊಳ್ಳುವ, ಉಕ್ಕಿನ ಗುಂಡುಗಳಿರುವ ಕೀಲನ್ನು 1920ರ ದಶಕದಲ್ಲಿ ಆಲ್ಫ್ರೆಡ್ ಶೆಪ್ಪಾ ರೂಪಿಸಿದನು, ಮತ್ತು ಇಂದು ಮುಂಬದಿ ಚಾಲನೆಯ ಕಾರುಗಳಲ್ಲೆಲ್ಲ ಕಾಣುವುದು ಅದರ ಸಂತತಿಯೇ. ಆದರೂ ಅಮೆರಿಕದ ಪಿಕಪ್ಪುಗಳ ಗಟ್ಟಿಮುಟ್ಟಾದ ಮುಂದಿನ ಆಕ್ಸಲ್ಲುಗಳಲ್ಲಿ ಬಹುಕಾಲ ಸರಳವಾದ ಕ್ರಾಸೇ ಉಳಿದುಕೊಂಡಿತು, ಏಕೆಂದರೆ ಅದು ಅಗ್ಗ, ಬಲಿಷ್ಠ, ಮುರಿದರೆ ಹೊಲದಲ್ಲಿಯೇ ಬದಲಿಸಬಹುದಾದದ್ದು, ಮತ್ತು ಕೆಸರು ಹಿಮಗಳಲ್ಲಿ ಮಾತ್ರ ಬಳಕೆಯಾಗುವ ಚಾಲನೆಯಲ್ಲಿ ಆ ಮಿಡಿತವನ್ನು ಸಹಿಸಿಕೊಳ್ಳಬಹುದು.

ಮಾರ್ಪಾಡು ಒಂದು ಉದ್ಯಮವಾಗಿ ನೆಲೆಯೂರಿದ್ದು 1930ರ ದಶಕದಲ್ಲಿ. ಇಂಡಿಯಾನಾಪೊಲಿಸ್ ನಗರದಲ್ಲಿ 1931ರಲ್ಲಿ ಆರಂಭವಾದ ಮಾರ್ಮನ್-ಹೆರಿಂಗ್ಟನ್ ಕಂಪನಿ, ಫೋರ್ಡ್ ಕಂಪನಿಯ ಸಾಮಾನ್ಯ ಟ್ರಕ್ಕುಗಳನ್ನು ತಂದು ಅವುಗಳಿಗೆ ಚಾಲಿತ ಮುಂದಿನ ಆಕ್ಸಲ್ಲನ್ನು ಜೋಡಿಸಿ ಮಾರತೊಡಗಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದಕ್ಷಿಣ ಆಫ್ರಿಕಾ ಫೋರ್ಡ್ ಟ್ರಕ್ಕಿನ ಚಾಸಿಯ ಮೇಲೆ ಕಟ್ಟಿದ ಕವಚವಾಹನಗಳ ಮೊದಲ ಮಾದರಿ ಹಿಂದಿನ ಚಕ್ರಗಳಿಂದಷ್ಟೇ ನಡೆಯುತ್ತಿದ್ದು, ಎರಡನೆಯ ಮಾದರಿಗೆ ಈ ಕಂಪನಿಯ ಜೋಡಣಾ ಸಾಮಗ್ರಿಯನ್ನು ಅಳವಡಿಸಿದ್ದರಿಂದಲೇ ಆ ವಾಹನಗಳಿಗೆ ಮಾರ್ಮನ್-ಹೆರಿಂಗ್ಟನ್ ಎಂಬ ಹೆಸರು ಅಂಟಿಕೊಂಡಿತು. ಯುದ್ಧದ ನಂತರ ಡಾಡ್ಜ್ ಕಂಪನಿ ಸೇನೆಯ ಟ್ರಕ್ಕಿನ ನೆಲೆಯಲ್ಲಿ ಪವರ್ ವ್ಯಾಗನ್ನನ್ನೂ, ವಿಲ್ಲಿಸ್ ಕಂಪನಿ ಜೀಪಿನ ಮಾದರಿಯಲ್ಲಿ ಪಿಕಪ್ಪನ್ನೂ ಕಾರ್ಖಾನೆಯಿಂದಲೇ ನಾಲ್ಕು ಚಕ್ರ ಚಾಲನೆಯಲ್ಲಿ ಹೊರತಂದವು. ಫೋರ್ಡ್ ಮತ್ತು ಷೆವ್ರೊಲೆಯಂತಹ ದೊಡ್ಡ ಕಂಪನಿಗಳು ಮಾತ್ರ ಮತ್ತೂ ಹಲವು ವರ್ಷ ಅದನ್ನು ಹೊರಗಿನವರಿಗೇ ಬಿಟ್ಟಿದ್ದವು.

ಆ ಹೊರಗಿನವರಲ್ಲಿ ಹೆಸರಾದದ್ದು ಮಿನಿಯಾಪೊಲಿಸ್ ನಗರದ ನ್ಯಾಪ್ಕೊ. 1950ರ ದಶಕದಲ್ಲಿ ಅದು ಷೆವ್ರೊಲೆ ಮತ್ತು ಜಿಎಂಸಿ ಪಿಕಪ್ಪುಗಳಿಗಾಗಿ ಪವರ್-ಪ್ಯಾಕ್ ಎಂಬ ಸಂಪೂರ್ಣ ಸಾಮಗ್ರಿಯನ್ನು ಮಾರುತ್ತಿತ್ತು. ಆಕ್ಸಲ್, ಟ್ರಾನ್ಸ್‌ಫರ್ ಕೇಸ್, ಶಾಫ್ಟುಗಳು ಮತ್ತು ಆಸರೆಗಳೆಲ್ಲ ಒಟ್ಟಿಗೆ ಬರುತ್ತಿದ್ದು, ಚಾಸಿಗೆ ಹೊಸದಾಗಿ ಕೊರೆಯಬೇಕಾದ ತೂತುಗಳು ಬೆರಳೆಣಿಕೆಯಷ್ಟಿದ್ದವು. ಟ್ರಕ್ಕು ಹಳೆಯದಾದಾಗ ಸಾಮಗ್ರಿಯನ್ನು ಬಿಚ್ಚಿ ಹೊಸ ಟ್ರಕ್ಕಿಗೆ ಹಾಕಿಕೊಳ್ಳಬಹುದೆಂಬುದೂ ಅದರ ಆಕರ್ಷಣೆಯಾಗಿತ್ತು. 1956ರಲ್ಲಿ ಜಿಎಂಸಿ, 1957ರಲ್ಲಿ ಷೆವ್ರೊಲೆ ಇದನ್ನು ತಮ್ಮ ಕಾರ್ಖಾನೆಯ ಆಯ್ಕೆಗಳ ಪಟ್ಟಿಗೇ ಸೇರಿಸಿಕೊಂಡವು. ಇಷ್ಟು ಸಲೀಸಾಗಲು ಕಾರಣ ಆ ಕಾಲದ ಟ್ರಕ್ಕುಗಳ ರಚನೆಯಲ್ಲಿತ್ತು. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಬಾಗಿದ ಕಟ್ಟಿಗೆ ಲೀಫ್ ಸ್ಪ್ರಿಂಗ್ ಎನ್ನುತ್ತಾರೆ. ಎರಡು ಚಕ್ರ ಚಾಲನೆಯ ಟ್ರಕ್ಕಿನಲ್ಲಿಯೂ ಮುಂದಿನ ಚಕ್ರಗಳೆರಡನ್ನು ಒಂದೇ ಗಟ್ಟಿ ಉಕ್ಕಿನ ತೊಲೆ ಹಿಡಿದಿದ್ದು, ಆ ತೊಲೆ ಇಂತಹ ಎರಡು ಕಟ್ಟುಗಳಿಗೆ ಬಿಗಿದುಕೊಂಡಿತ್ತು. ಹಾಗಾಗಿ ತೊಲೆಯನ್ನು ಕಳಚಿ, ಅದೇ ಸ್ಪ್ರಿಂಗುಗಳ ಜಾಗದಲ್ಲಿ ಒಳಗೆ ದಂಡಗಳಿರುವ ಟೊಳ್ಳು ಆಕ್ಸಲ್ಲನ್ನು ಕೂರಿಸಿದರೆ, ಚಾಸಿಗೆ ಆ ಬದಲಾವಣೆ ಬಹುಮಟ್ಟಿಗೆ ಅರಿವಿಗೇ ಬರುತ್ತಿರಲಿಲ್ಲ.

ಈ ಸುಲಭದ ಕಾಲ 1960ರಲ್ಲಿ ಕೊನೆಗೊಂಡಿತು. ಆ ವರ್ಷದ ಮಾದರಿಯಲ್ಲಿ ಷೆವ್ರೊಲೆ ಮತ್ತು ಜಿಎಂಸಿಗಳ ಮಾತೃಸಂಸ್ಥೆಯಾದ ಜನರಲ್ ಮೋಟರ್ಸ್ ತನ್ನ ಎರಡು ಚಕ್ರ ಚಾಲನೆಯ ಪಿಕಪ್ಪುಗಳಿಗೆ ಸ್ವತಂತ್ರ ಮುಂಬದಿ ಸಸ್ಪೆನ್ಷನ್ನನ್ನು ಕೊಟ್ಟಿತು, ಎಂದರೆ ಎಡ ಬಲ ಚಕ್ರಗಳನ್ನು ಜೋಡಿಸುವ ತೊಲೆಯನ್ನು ತೆಗೆದು, ಪ್ರತಿಯೊಂದನ್ನೂ ಅದರದರ ತೋಳುಗಳ ಮೇಲೆ ಬೇರೆ ಬೇರೆಯಾಗಿ ಏರಿಳಿಯಲು ಬಿಟ್ಟಿತು. ಕುಲುಕಾಟ ಕಡಿಮೆಯಾಗಿ ಪಿಕಪ್ಪು ಕಾರಿನಂತೆ ಓಡಿಸಬಹುದಾದ ವಾಹನವಾದದ್ದು ಇದರಿಂದಲೇ. ಅದೇ ವರ್ಷ ಕಂಪನಿ ನಾಲ್ಕು ಚಕ್ರ ಚಾಲನೆಯ ಟ್ರಕ್ಕುಗಳನ್ನೂ ತಾನೇ ತಯಾರಿಸತೊಡಗಿತು, ಆದರೆ ಅವುಗಳಲ್ಲಿ ಗಟ್ಟಿ ಆಕ್ಸಲ್ಲನ್ನೂ ಲೀಫ್ ಸ್ಪ್ರಿಂಗನ್ನೂ ಉಳಿಸಿಕೊಂಡಿತು. ಎರಡು ಚಕ್ರದ್ದಕ್ಕೆ ಸಿ, ನಾಲ್ಕು ಚಕ್ರದ್ದಕ್ಕೆ ಕೆ ಎಂಬ ಅಕ್ಷರಗಳು ಬಂದದ್ದೂ ಆಗಲೇ. ಅಲ್ಲಿಯವರೆಗೆ ಒಂದೇ ಟ್ರಕ್ಕಿನ ಎರಡು ರೂಪಗಳಾಗಿದ್ದವು ಮುಂಭಾಗದಲ್ಲಿ ಎರಡು ಬೇರೆ ವಾಹನಗಳಾದವು, ಮತ್ತು ನ್ಯಾಪ್ಕೊದ ಸಾಮಗ್ರಿಗೆ ಆ ಟ್ರಕ್ಕುಗಳಲ್ಲಿ ಜಾಗ ಉಳಿಯಲಿಲ್ಲ. ಹಿಂದಿನ ವರ್ಷವೇ ಫೋರ್ಡ್ ಕೂಡ ತನ್ನದೇ ನಾಲ್ಕು ಚಕ್ರ ಚಾಲನೆಯ ಪಿಕಪ್ಪನ್ನು ತಂದಿತ್ತು. ಟೊಯೊಟಾ 1979ರಲ್ಲಿ ಹೈಲಕ್ಸ್ ಪಿಕಪ್ಪಿಗೆ ನಾಲ್ಕು ಚಕ್ರ ಚಾಲನೆಯನ್ನು ಕೊಟ್ಟಾಗಲೂ ಇದೇ ಕವಲು ಕಾಣಿಸಿತು: ಸಾಮಾನ್ಯ ಹೈಲಕ್ಸ್‌ನಲ್ಲಿ ಸ್ವತಂತ್ರ ಸಸ್ಪೆನ್ಷನ್, ನಾಲ್ಕು ಚಕ್ರದ್ದರಲ್ಲಿ ಗಟ್ಟಿ ಆಕ್ಸಲ್.

ಇಂದು ಅಮೆರಿಕದ ಗ್ಯಾರೇಜುಗಳಲ್ಲಿ ಈ ಮಾರ್ಪಾಡಿಗೆ ಹೆಚ್ಚಾಗಿ ಒಳಗಾಗುವ ಟ್ರಕ್ಕುಗಳಲ್ಲಿ 1973ರಿಂದ 1987ರವರೆಗಿನ ಷೆವ್ರೊಲೆ ಸಿ ಸರಣಿಯೂ ಒಂದಾಗಿರುವುದರಿಂದ, ಕೆಲಸದ ನಿಜವಾದ ಸ್ವರೂಪವನ್ನು ಅದರಲ್ಲಿಯೇ ನೋಡಬಹುದು. ಮೊದಲು ತೋಳುಗಳನ್ನೂ ಸುರುಳಿ ಸ್ಪ್ರಿಂಗುಗಳನ್ನೂ ಹೊತ್ತಿರುವ ಭಾರಿ ಅಡ್ಡತೊಲೆಯನ್ನು ಚಾಸಿಯಿಂದ ಬಿಡಿಸಬೇಕು, ಮತ್ತು ಅದಕ್ಕೂ ಮುನ್ನ ಎಂಜಿನ್ನಿಗೆ ಬೇರೆ ಆಸರೆ ಕೊಟ್ಟಿರಬೇಕು. ಬಳಿಕ ಅದೇ ಕಾಲದ ಕೆ ಟ್ರಕ್ಕಿನಿಂದ ತಂದ ಅಡ್ಡತೊಲೆ ಮತ್ತು ಲೀಫ್ ಸ್ಪ್ರಿಂಗುಗಳ ತುದಿ ಹಿಡಿಯುವ ಆಸರೆಗಳನ್ನು ಅಳತೆ ಹಿಡಿದು ಕೂರಿಸಬೇಕು. ಇಲ್ಲಿ ಕೆಲವು ಮಿಲಿಮೀಟರುಗಳ ತಪ್ಪು ಕೂಡ ಆಕ್ಸಲ್ಲನ್ನು ಚಾಸಿಗೆ ಓರೆಯಾಗಿಸುತ್ತದೆ, ಟ್ರಕ್ಕು ರಸ್ತೆಯಲ್ಲಿ ಒಂದು ಬದಿಗೆ ಎಳೆಯುತ್ತದೆ, ಟೈರುಗಳು ಅಂಚಿನಲ್ಲಿ ಸವೆಯುತ್ತವೆ. ಸ್ಟಿಯರಿಂಗಿನ ಕಡ್ಡಿಗಳೂ ಬದಲಾಗಲೇಬೇಕು, ಏಕೆಂದರೆ ಸ್ವತಂತ್ರ ಸಸ್ಪೆನ್ಷನ್ನಿಗಾಗಿ ರಚಿಸಿದ ಜೋಡಣೆ ಎರಡು ಚಕ್ರಗಳನ್ನು ಬೇರೆ ಬೇರೆ ಕಡ್ಡಿಗಳಿಂದ ತಿರುಗಿಸಿದರೆ, ಗಟ್ಟಿ ಆಕ್ಸಲ್ಲಿನಲ್ಲಿ ಸ್ಟಿಯರಿಂಗ್ ಬಾಕ್ಸಿನ ತೋಳು ಒಂದೇ ಕಡ್ಡಿಯನ್ನು ಹಿಂದೆ ಮುಂದೆ ತಳ್ಳಿ ಎಳೆದು ಒಂದು ಚಕ್ರವನ್ನು ತಿರುಗಿಸುತ್ತದೆ ಮತ್ತು ಆಕ್ಸಲ್ಲಿಗೆ ಸಮಾನಾಂತರವಾದ ಇನ್ನೊಂದು ಕಡ್ಡಿ ಎರಡನೆಯ ಚಕ್ರವನ್ನು ಜೊತೆಗೊಯ್ಯುತ್ತದೆ. ಆ ತಳ್ಳುಗಡ್ಡಿ ಅತಿಯಾಗಿ ಇಳಿಜಾರಾಗಿದ್ದರೆ, ಚಕ್ರ ಗುಂಡಿಯಲ್ಲಿ ಏರಿಳಿದಾಗಲೆಲ್ಲ ಚಾಲಕ ತಿರುಗಿಸದಿದ್ದರೂ ವಾಹನ ತಾನಾಗಿ ಹೊರಳುತ್ತದೆ. ಮನೆಯಂಗಳದಲ್ಲಿ ಮಾಡಿದ ಎಷ್ಟೋ ಮಾರ್ಪಾಡುಗಳು ಅಪಾಯಕಾರಿಯಾಗುವುದು ಈ ಒಂದು ದೋಷದಿಂದ.

ಗೇರ್‌ಬಾಕ್ಸಿನ ಕಡೆಯಲ್ಲಿ ತೊಡಕು ಬೇರೆ ಬಗೆಯದು. ಎರಡು ಚಕ್ರ ಚಾಲನೆಯ ಗೇರ್‌ಬಾಕ್ಸಿನ ಹಿಂದಿನ ಕವಚವೂ ಹೊರದಂಡವೂ ಪ್ರೊಪೆಲ್ಲರ್ ಶಾಫ್ಟನ್ನು ನೇರವಾಗಿ ಹಿಡಿಯುವಂತೆ ಮಾಡಿದವಾದ್ದರಿಂದ ಟ್ರಾನ್ಸ್‌ಫರ್ ಕೇಸ್ ಅದಕ್ಕೆ ಸುಮ್ಮನೆ ಕೂರುವುದಿಲ್ಲ. ಆ ದಂಡವನ್ನು ಬದಲಿಸಿ ಜೋಡುಕವಚವನ್ನು ಹಾಕಬಹುದು, ಇಲ್ಲವೆ ಕೆ ಟ್ರಕ್ಕಿನ ಗೇರ್‌ಬಾಕ್ಸನ್ನೇ ತರಬಹುದು. ಮೂರನೆಯ ದಾರಿಯೆಂದರೆ ಟ್ರಾನ್ಸ್‌ಫರ್ ಕೇಸನ್ನು ಗೇರ್‌ಬಾಕ್ಸಿನಿಂದ ತುಸು ಹಿಂದೆ ಚಾಸಿಗೆ ಪ್ರತ್ಯೇಕವಾಗಿ ತೂಗುಹಾಕಿ, ಎರಡನ್ನೂ ಗಿಡ್ಡ ಶಾಫ್ಟಿನಿಂದ ಬೆಸೆಯುವುದು. ಟ್ರಾನ್ಸ್‌ಫರ್ ಕೇಸಿನಿಂದ ಮುಂದಿನ ಶಾಫ್ಟು ಹೊರಡುವ ಬದಿ ಮತ್ತು ಮುಂದಿನ ಆಕ್ಸಲ್ಲಿನಲ್ಲಿ ಡಿಫರೆನ್ಶಿಯಲ್ ಇರುವ ಬದಿ ಒಂದೇ ಆಗಿರಬೇಕೆಂಬುದು ಮೇಲ್ನೋಟಕ್ಕೆ ಹೇಳಬೇಕಾಗಿಯೇ ಇಲ್ಲದ ಮಾತು, ಆದರೆ ಬೇರೆ ಬೇರೆ ಕಂಪನಿಗಳ ಹಳೆಯ ಭಾಗಗಳನ್ನು ಕೂಡಿಸುವವರು ಎಡವುವುದೂ ಅಲ್ಲಿಯೇ. ಈ ಸರಣಿಯ ಷೆವ್ರೊಲೆಯಲ್ಲಿ ಡಿಫರೆನ್ಶಿಯಲ್ ಬಲಬದಿಗಿದೆ. ಹಿಂದಿನ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಿಸಬೇಕು, ಮುಂದಿನದನ್ನು ಅಳತೆಗೆ ಮಾಡಿಸಬೇಕು, ಎರಡನ್ನೂ ಯಂತ್ರದ ಮೇಲೆ ಸಮತೋಲನಕ್ಕೆ ತರಿಸಬೇಕು.

ಎಲ್ಲಕ್ಕಿಂತ ಮಿಗಿಲಾಗಿ ಪಾಲಿಸಬೇಕಾದ ನಿಯಮವೊಂದು ಲೆಕ್ಕಕ್ಕೆ ಸಂಬಂಧಿಸಿದ್ದು. ಪ್ರೊಪೆಲ್ಲರ್ ಶಾಫ್ಟು ಎಷ್ಟು ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ ಎಂಬುದನ್ನು ಆಕ್ಸಲ್ಲಿನ ಕ್ರೌನ್ ಮತ್ತು ಪಿನಿಯನ್ ಗೇರುಗಳ ಹಲ್ಲುಗಳು ನಿರ್ಧರಿಸುತ್ತವೆ, ಮತ್ತು ಈ ಅನುಪಾತ ಹಿಂದೆ ಮುಂದೆ ಒಂದೇ ಆಗಿರಬೇಕು. ಹಿಂದಿನ ಆಕ್ಸಲ್ಲಿನ ಅನುಪಾತ 3.73 ಆಗಿದ್ದು, ಎಲ್ಲಿಂದಲೋ ತಂದ ಮುಂದಿನ ಆಕ್ಸಲ್ಲಿನದು 4.10 ಆಗಿದ್ದರೆ, 30 ಇಂಚು ವ್ಯಾಸದ ಟೈರುಗಳ ಮೇಲೆ ಒಂದು ಕಿಲೊಮೀಟರ್ ಕ್ರಮಿಸುವಷ್ಟರಲ್ಲಿ ಎರಡು ಶಾಫ್ಟುಗಳ ನಡುವೆ ಸುಮಾರು 155 ಸುತ್ತುಗಳ ವ್ಯತ್ಯಾಸ ಬರುತ್ತದೆ. ಟ್ರಾನ್ಸ್‌ಫರ್ ಕೇಸ್ ಅವೆರಡನ್ನೂ ಗಟ್ಟಿಯಾಗಿ ಕೂಡಿಸಿರುವುದರಿಂದ ಆ ವ್ಯತ್ಯಾಸ ತೀರಲು ಟೈರು ನೆಲದ ಮೇಲೆ ಜಾರಬೇಕು, ಇಲ್ಲದಿದ್ದರೆ ಯಾವುದಾದರೊಂದು ಗೇರು ಮುರಿಯಬೇಕು. ಅನುಪಾತ ಸರಿಯಿದ್ದರೂ ಗಟ್ಟಿ ನೆಲದ ಮೇಲೆ ಇದೇ ಕಷ್ಟ ಸಣ್ಣ ಪ್ರಮಾಣದಲ್ಲಿ ಉಳಿಯುತ್ತದೆ, ಏಕೆಂದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ವೃತ್ತವನ್ನು ಬಳಸುತ್ತವೆ: ಎರಡು ಆಕ್ಸಲ್ಲುಗಳ ನಡುವೆ ಮೂರು ಮೀಟರ್ ಅಂತರವಿದ್ದು, ಹಿಂದಿನ ಆಕ್ಸಲ್ಲಿನ ನಡುಭಾಗ ಎಂಟು ಮೀಟರ್ ತ್ರಿಜ್ಯದಲ್ಲಿ ಸುತ್ತುಹಾಕಿದರೆ ಅದು ಸುಮಾರು 50.3 ಮೀಟರ್ ಕ್ರಮಿಸುವ ಹೊತ್ತಿಗೆ ಮುಂದಿನದು 53.7 ಮೀಟರ್ ಕ್ರಮಿಸಿರಬೇಕು. ಕೆಸರು, ಮರಳು, ಹಿಮಗಳಲ್ಲಿ ಟೈರು ಜಾರಿ ಈ ಒತ್ತಡ ಬಿಡುಗಡೆಯಾಗುತ್ತದೆ. ಒಣಗಿದ ಡಾಂಬರಿನ ಮೇಲೆ ಆಗುವುದಿಲ್ಲ. ಆದ್ದರಿಂದ ಇಂತಹ ಟ್ರಕ್ಕುಗಳಲ್ಲಿ ಮುಂದಿನ ಚಾಲನೆಯನ್ನು ಬೇಕಾದಾಗ ಮಾತ್ರ ತೊಡಗಿಸಲಾಗುತ್ತದೆ, ಮತ್ತು ಉಳಿದ ಹೊತ್ತಿನಲ್ಲಿ ಮುಂದಿನ ದಂಡಗಳು ವ್ಯರ್ಥವಾಗಿ ಸುತ್ತದಂತೆ ಚಕ್ರಗಳ ನಡುಭಾಗದಲ್ಲಿ ಬಿಡಿಸಿ ಕೂಡಿಸಬಹುದಾದ ಹಬ್ಬುಗಳನ್ನು ಹಾಕಲಾಗುತ್ತದೆ. ಈಗ ವಿಂಚುಗಳಿಗೆ ಹೆಸರಾಗಿರುವ ವಾರ್ನ್ ಕಂಪನಿ 1948ರಲ್ಲಿ ಆರಂಭವಾದದ್ದು, ಸೇನೆಯಿಂದ ಹೊರಬಿದ್ದ ಜೀಪುಗಳಿಗೆ ಇಂತಹ ಹಬ್ಬುಗಳನ್ನು ಮಾಡಿಕೊಡುವುದರಿಂದಲೇ.

ಇಷ್ಟೆಲ್ಲ ಶ್ರಮಕ್ಕೆ ಸಿಗುವ ಫಲದಲ್ಲಿ ಹಿಡಿತದಷ್ಟೇ ಮುಖ್ಯವಾದ ಇನ್ನೊಂದು ಅಂಶವಿದೆ, ಅದು ಟ್ರಾನ್ಸ್‌ಫರ್ ಕೇಸಿನ ಕೆಳಗೇರು. ಆ ಕಾಲದ ಷೆವ್ರೊಲೆಯ ನಾಲ್ಕು ಗೇರುಗಳ ಭಾರಿ ಗೇರ್‌ಬಾಕ್ಸಿನ ಮೊದಲ ಗೇರಿನ ಅನುಪಾತ ಸುಮಾರು 6.55, ಎನ್‌ಪಿ 205 ಎಂಬ ಎರಕದ ಕಬ್ಬಿಣದ ಟ್ರಾನ್ಸ್‌ಫರ್ ಕೇಸಿನ ಕೆಳಗೇರು 1.96, ಆಕ್ಸಲ್ಲಿನದು 4.10. ಇವುಗಳನ್ನು ಗುಣಿಸಿದರೆ ಎಂಜಿನ್ ಐವತ್ತೆರಡೂವರೆಗೂ ಹೆಚ್ಚು ಸುತ್ತು ಸುತ್ತಿದಾಗ ಚಕ್ರ ಒಮ್ಮೆ ತಿರುಗುತ್ತದೆ, ಕೆಳಗೇರಿಲ್ಲದಿದ್ದರೆ ಸುಮಾರು ಇಪ್ಪತ್ತೇಳಕ್ಕೆ ಒಮ್ಮೆ. ಭಾರ ತುಂಬಿದ ಟ್ರಕ್ಕು ಕಡಿದಾದ ಇಳಿಜಾರನ್ನು ಬ್ರೇಕಿಗೆ ಹೆಚ್ಚು ಕೆಲಸ ಕೊಡದೆ ನಡಿಗೆಯ ವೇಗದಲ್ಲಿ ಇಳಿಯುವುದು ಈ ಗುಣಾಕಾರದ ಬಲದಿಂದ, ಮತ್ತು ಕೃಷಿಕರಿಗೆ ಅದರ ಉಪಯೋಗ ಹಲವೊಮ್ಮೆ ಮುಂದಿನ ಚಕ್ರಗಳ ಹಿಡಿತಕ್ಕಿಂತ ದೊಡ್ಡದು. ಇದರೊಂದಿಗೆ ಬರುವ ನಷ್ಟಗಳನ್ನೂ ಹೇಳಬೇಕು. ಟ್ರಕ್ಕು ಎತ್ತರವಾಗುತ್ತದೆ, ಗುರುತ್ವಕೇಂದ್ರ ಮೇಲೇರಿ ವೇಗದ ತಿರುವಿನಲ್ಲಿ ಮಗುಚುವ ಸಂಭವ ಹೆಚ್ಚುತ್ತದೆ, ಮುಂಭಾಗದ ತೂಕ ಏರುತ್ತದೆ, ಇಂಧನ ಹೆಚ್ಚು ಖರ್ಚಾಗುತ್ತದೆ. ಬ್ರೇಕಿನ ರಬ್ಬರ್ ನಳಿಕೆಗಳು ಆಕ್ಸಲ್ ಪೂರ್ತಿ ಇಳಿಬಿದ್ದಾಗಲೂ ಬಿಗಿಯಾಗದಷ್ಟು ಉದ್ದವಿರಬೇಕು.

ಹೀಗಾಗಿ ಅನುಭವಿ ಮೆಕ್ಯಾನಿಕ್ಕುಗಳು ಕೊಡುವ ಮೊದಲ ಸಲಹೆ ಬಹುತೇಕ ಒಂದೇ: ಇರುವ ಟ್ರಕ್ಕನ್ನು ಮಾರಿ, ಕಾರ್ಖಾನೆಯಿಂದಲೇ ನಾಲ್ಕು ಚಕ್ರ ಚಾಲನೆಯಲ್ಲಿ ಬಂದದ್ದನ್ನು ಕೊಳ್ಳುವುದು. ಹಣದ ದೃಷ್ಟಿಯಿಂದ ಇದು ಸರಿ. ಆದರೂ ಮಾರ್ಪಾಡು ನಡೆಯುತ್ತಲೇ ಬಂದಿರುವುದಕ್ಕೆ ಅಮೆರಿಕದ ಹವೆಯಲ್ಲಿಯೇ ಒಂದು ಗಟ್ಟಿ ಕಾರಣವಿದೆ. ನಾಲ್ಕು ಚಕ್ರ ಚಾಲನೆಯ ಟ್ರಕ್ಕುಗಳು ಹೆಚ್ಚು ಮಾರಾಟವಾದದ್ದು ಹಿಮ ಬೀಳುವ ಉತ್ತರದ ರಾಜ್ಯಗಳಲ್ಲಿ, ಮತ್ತು ಅಲ್ಲಿ ರಸ್ತೆಯ ಹಿಮ ಕರಗಿಸಲು ಸುರಿಯುವ ಉಪ್ಪು ಅವುಗಳ ತಗಡನ್ನು ತಿಂದುಹಾಕಿದೆ. ಅರಿಜೋನದಂತಹ ಒಣ ನಾಡುಗಳಲ್ಲಿ ಹಳೆಯ ಟ್ರಕ್ಕುಗಳ ಮೈ ತುಕ್ಕಿಲ್ಲದೆ ಉಳಿದಿದೆ, ಆದರೆ ಅವುಗಳಲ್ಲಿ ಬಹಳಷ್ಟು ಎರಡು ಚಕ್ರ ಚಾಲನೆಯವು. ಒಂದರ ಮೈಯನ್ನೂ ಇನ್ನೊಂದರ ಅಡಿಭಾಗವನ್ನೂ ಕೂಡಿಸುವ ಆಸೆ ಇಲ್ಲಿಂದ ಹುಟ್ಟುತ್ತದೆ, ಮತ್ತು ಆಗ ಬಿಡಿಭಾಗಗಳನ್ನು ಒಂದೊಂದಾಗಿ ವರ್ಗಾಯಿಸುವುದಕ್ಕಿಂತ ಒಳ್ಳೆಯ ಮೈಯನ್ನು ಎತ್ತಿ ಕೆ ಟ್ರಕ್ಕಿನ ಇಡೀ ಚಾಸಿಯ ಮೇಲೆ ಕೂರಿಸುವುದೇ ಲೇಸು. ಸ್ಟಿಯರಿಂಗ್, ಸ್ಪ್ರಿಂಗು, ಶಾಫ್ಟುಗಳ ಅಳತೆಗಳೆಲ್ಲ ಕಾರ್ಖಾನೆ ನಿಗದಿಪಡಿಸಿದಂತೆಯೇ ಉಳಿಯುವ ಏಕೈಕ ದಾರಿ ಅದು. ಆದರೆ ವಾಹನದ ಗುರುತಿನ ಸಂಖ್ಯೆ ಚಾಸಿಯ ಮೇಲೂ ಇರುವುದರಿಂದ, ದಾಖಲೆಗಳನ್ನು ಸರಿಪಡಿಸಿಕೊಳ್ಳದಿದ್ದರೆ ಒಂದೇ ವಾಹನಕ್ಕೆ ಎರಡು ಗುರುತುಗಳಾಗುತ್ತವೆ. ಕಂಪನಿಯೇ ನಾಲ್ಕು ಚಕ್ರ ಚಾಲನೆಯಲ್ಲಿ ತಯಾರಿಸದ ವಾಹನಗಳಲ್ಲಿ ಮಾತ್ರ ಮಾರ್ಪಾಡು ಇಂದಿಗೂ ವ್ಯವಸ್ಥಿತ ಉದ್ಯಮವಾಗಿ ಉಳಿದಿದೆ. ಫೋರ್ಡಿನ ಇ ಸರಣಿಯ ವಾಹನಗಳನ್ನು ಹೀಗೆ ಮಾರ್ಪಡಿಸುವ ಪೆನ್ಸಿಲ್ವೇನಿಯದ ಕ್ವಿಗ್ಲಿ ಕಂಪನಿ ಅದಕ್ಕೆ ಉದಾಹರಣೆ.

ಕರ್ನಾಟಕದ ಓದುಗರಿಗೆ ಈ ವಿಷಯ ಪೂರ್ತಿ ದೂರದ್ದಲ್ಲ. ಕೊಡಗಿನ ಕಾಫಿ ತೋಟಗಳಲ್ಲಿ, ಕೊಡಚಾದ್ರಿ ಮತ್ತು ಮಾಂದಲಪಟ್ಟಿಯ ಏರುಗಳಲ್ಲಿ ದುಡಿಯುವ ಮಹೀಂದ್ರ ಜೀಪುಗಳು ವಿಲ್ಲಿಸ್ ಜೀಪಿನ ವಂಶದವು, ಮತ್ತು ಹಳೆಯ ಮಹೀಂದ್ರ ಜೀಪುಗಳ ಎರಡು ಚಕ್ರ ಚಾಲನೆಯ ಮಾದರಿಗಳಲ್ಲಿಯೂ ಮುಂದಿನ ಚಕ್ರಗಳನ್ನು ಲೀಫ್ ಸ್ಪ್ರಿಂಗಿಗೆ ಬಿಗಿದ ಗಟ್ಟಿ ಆಕ್ಸಲ್ಲೇ ಹಿಡಿದಿರುತ್ತದೆ. ರಚನೆಯ ದೃಷ್ಟಿಯಿಂದ ಅವು ನ್ಯಾಪ್ಕೊ ಕಾಲದ ಟ್ರಕ್ಕುಗಳ ಸಾಲಿಗೆ ಸೇರುತ್ತವಾದ್ದರಿಂದ ಅವುಗಳಿಗೆ ಚಾಲಿತ ಆಕ್ಸಲ್ಲನ್ನು ಕೂರಿಸುವುದು ಯಂತ್ರವಿದ್ಯೆಯ ಮಟ್ಟಿಗೆ ಕಷ್ಟದ್ದಲ್ಲ. ಕಾನೂನಿನ ಮಟ್ಟಿಗೆ ಸ್ಥಿತಿ ಬೇರೆ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ ನಿಷೇಧಿಸುತ್ತದೆ, ಮತ್ತು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ನಿಷೇಧವನ್ನು ಕಟ್ಟುನಿಟ್ಟಾಗಿ ಓದಬೇಕೆಂದು ತೀರ್ಪು ನೀಡಿತು. ಅದೇ ವರ್ಷದ ತಿದ್ದುಪಡಿ, ಕಾಯಿದೆ ಅನುಮತಿಸದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೆ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿದೆ. ಆದ್ದರಿಂದ ಮಲೆನಾಡಿನ ತೋಟಗಾರನಿಗೆ ಸರಕು ಹೊರುವ, ನಾಲ್ಕೂ ಚಕ್ರಗಳಿಂದ ನಡೆಯುವ ವಾಹನ ಬೇಕಿದ್ದರೆ, ಬೊಲೆರೊ ಕ್ಯಾಂಪರಿನ ನಾಲ್ಕು ಚಕ್ರ ಚಾಲನೆಯ ಮಾದರಿಯಂತೆ ಕಾರ್ಖಾನೆಯಿಂದಲೇ ಹಾಗೆ ಹೊರಬಂದದ್ದನ್ನು ಹುಡುಕುವುದು, ಮತ್ತು ಹಳೆಯದನ್ನು ಕೊಳ್ಳುವಾಗ ಮುಂದಿನ ಆಕ್ಸಲ್ ಮೂಲದ್ದೋ ಆಮೇಲೆ ಕೂರಿಸಿದ್ದೋ ಎಂಬುದನ್ನು ವಾಹನದ ಅಡಿ ನೋಡಿ, ದಾಖಲೆಗಳೊಂದಿಗೆ ತಾಳೆ ಹಾಕಿ ಖಚಿತಪಡಿಸಿಕೊಳ್ಳುವುದು ಸುರಕ್ಷಿತ.